ಸಾಕ್ಷಿಯಾಗಿದ್ದವರು ಹಕ್ಕುದಾರರಾದ ಬಗೆ

2009ರ ಫೆಬ್ರುವರಿಯಲ್ಲಿ ಬಾಗಲಕೋಟೆ ಸೀಮೆಯ ಒಬ್ಬರ ಮೇಲೆ ಹಲ್ಲೆ ನಡೆಯಿತು. ದೂರು ದಾಖಲಾಯಿತು. ತನಿಖೆ, ದೋಷಾರೋಪ ಪಟ್ಟಿ, ವಿಚಾರಣೆ ಎಲ್ಲವೂ ಮುಗಿದು 2013ರ ಅಕ್ಟೋಬರ್ 28ರಂದು ಬಾಗಲಕೋಟೆಯ ಸೆಷನ್ಸ್ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. ಪೆಟ್ಟು ತಿಂದವರು ಸುಮ್ಮನಾಗಲಿಲ್ಲ, ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಹೊಡೆದವರು ಯಾರು ಎಂಬ ಪ್ರಶ್ನೆ ಅಲ್ಲಿ ಚರ್ಚೆಗೇ ಬರಲಿಲ್ಲ. ಹೊಡೆಸಿಕೊಂಡವರಿಗೆ ಮೇಲ್ಮನವಿ ಸಲ್ಲಿಸುವ ಅಧಿಕಾರ ಇದೆಯೇ ಎಂಬಲ್ಲಿಗೇ ಮಾತು ನಿಂತಿತು. ನೊಂದವರಿಗೆ ಆ ಅಧಿಕಾರ ಕೊಟ್ಟ ತಿದ್ದುಪಡಿ ಜಾರಿಗೆ ಬಂದದ್ದು 2009ರ ಡಿಸೆಂಬರ್ 31ರಂದು. ಹಲ್ಲೆ ನಡೆದದ್ದು ಅದಕ್ಕಿಂತ ಹತ್ತು ತಿಂಗಳು ಮೊದಲು. ಹಾಗಾಗಿ ಮೇಲ್ಮನವಿ ಊರ್ಜಿತವಲ್ಲ ಎಂದಾಯಿತು. ಬೇರೊಂದು ಕಲಮಿನ ಅಡಿಯಲ್ಲಿ ಮತ್ತೆ ಹೋದರು. ಅದೂ ವಜಾ ಆಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ ಅಂತಿಮ ಉತ್ತರ ಬರುವ ಹೊತ್ತಿಗೆ ಮನವಿ ಹಾಕಿದವರು ತೀರಿಕೊಂಡಿದ್ದರು. ಅವರ ವಾರಸುದಾರರು ಪ್ರಕರಣವನ್ನು ನಡೆಸಿದರು.

ತನ್ನ ಮೈಮೇಲೆ ಬಿದ್ದ ಏಟಿನ ಮೊಕದ್ದಮೆಯಲ್ಲಿ ತಾನೇ ಹೊರಗಿನವನಾಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಬೇಕಾದರೆ ನಮ್ಮ ಅಪರಾಧ ನ್ಯಾಯ ವ್ಯವಸ್ಥೆ ನೊಂದವರನ್ನು ಎಲ್ಲಿ ಕೂರಿಸಿತ್ತು, ಅಲ್ಲಿಂದ ಅವರು ಹೇಗೆ ಮೇಲೆದ್ದರು ಎಂಬ ಕಥೆಯನ್ನು ಮೊದಲಿನಿಂದ ಹೇಳಬೇಕು. ಆ ಕಥೆಯ ಹಲವು ತಿರುವುಗಳಲ್ಲಿ ಕನ್ನಡಿಗರೂ ಕನ್ನಡ ನಾಡೂ ಇವೆ.

ಬೊಕ್ಕಸದ ಹೊಣೆ, ಸರ್ಕಾರದ ಮೊಕದ್ದಮೆ

ನೊಂದವರಿಗೆ ಪರಿಹಾರ ಕೊಡುವುದು ಆಳುವವರ ಕರ್ತವ್ಯ ಎಂಬ ಮಾತು ನಮಗೆ ಹೊಸದಲ್ಲ. ಕಳವಾದ ಸೊತ್ತನ್ನು ರಾಜ ಪ್ರಜೆಗೆ ಮರಳಿ ಕೊಡಬೇಕು ಎಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಕಳ್ಳನಿಂದ ವಸೂಲಿ ಮಾಡಲಾಗದಿದ್ದರೆ ಬೊಕ್ಕಸದಿಂದಲಾದರೂ ಕೊಡಬೇಕು ಎಂಬುದು ಗೌತಮ ಧರ್ಮಸೂತ್ರದ ವಿಧಿ. ಆ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ಪ್ರಸಿದ್ಧ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ. ತುರುಗಳ್ಳರೊಡನೆ ಕಾದಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ಬಿಟ್ಟುಕೊಟ್ಟ ಸಂಗತಿಯನ್ನು ನಮ್ಮ ವೀರಗಲ್ಲುಗಳು ಹೇಳುತ್ತವೆ. ಹಾಗೆಂದು ಆ ಕಾಲವನ್ನು ಕೊಂಡಾಡಬೇಕಿಲ್ಲ. ಅದೇ ಶಾಸ್ತ್ರಗಳು ಜಾತಿ ನೋಡಿ ದಂಡ ವಿಧಿಸಿದವು, ಜಾತಿ ನೋಡಿ ಮನುಷ್ಯರ ಬೆಲೆ ಕಟ್ಟಿದವು. ಆದರೂ ಪ್ರಜೆಯನ್ನು ಕಾಪಾಡಲಾಗದಿದ್ದರೆ ಅದರ ಭಾರ ಬೊಕ್ಕಸದ ಮೇಲೆ ಬೀಳಬೇಕು ಎಂಬ ಎಳೆ ಅಲ್ಲಿತ್ತು.

ಬ್ರಿಟಿಷರ ಕಾಲದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಆ ಎಳೆ ತೀರ ಸವೆಯಿತು. ಅಪರಾಧವೆಂದರೆ ಸರ್ಕಾರದ ವಿರುದ್ಧ ನಡೆದ ತಪ್ಪು. ಮೊಕದ್ದಮೆ ಹೂಡುವುದು, ನಡೆಸುವುದು, ಬೇಕಾದರೆ ಹಿಂದಕ್ಕೆ ಪಡೆಯುವುದು ಎಲ್ಲವೂ ಸರ್ಕಾರದ ಕೆಲಸ. ಫಿರ್ಯಾದಿ ಕೊಟ್ಟವರು ಸಮನ್ಸ್ ಬಂದ ದಿನ ಬಂದು, ಕಟಕಟೆಯಲ್ಲಿ ನಿಂತು, ಪಾಟೀಸವಾಲಿಗೆ ಉತ್ತರಿಸಿ ಮನೆಗೆ ಹೋಗಬೇಕು. 1898ರ ಸಂಹಿತೆಯ 545ನೇ ಕಲಮಿನಲ್ಲಿ ಪರಿಹಾರದ ಮಾತು ಇಲ್ಲದಿರಲಿಲ್ಲ. ಆದರೆ ಅಪರಾಧಿಯಿಂದ ವಸೂಲಾದ ದಂಡದ ಹಣದಲ್ಲಿ ನ್ಯಾಯಾಲಯಕ್ಕೆ ಸರಿಕಂಡರೆ ಒಂದು ಪಾಲು ಕೊಡಬಹುದಿತ್ತು, ಅಷ್ಟೇ. ಆರೋಪಿ ಸಿಗದಿದ್ದರೆ, ಸಿಕ್ಕರೂ ಶಿಕ್ಷೆಯಾಗದಿದ್ದರೆ, ಶಿಕ್ಷೆಯಾದರೂ ದಂಡ ಹಾಕದಿದ್ದರೆ ನೊಂದವರ ಕೈ ಬರಿದೇ.

ಸ್ವಾತಂತ್ರ್ಯ ಬಂದ ಮೇಲೂ ಈ ಚೌಕಟ್ಟು ಮುಂದುವರಿಯಿತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಸಂಹಿತೆಯ 357ನೇ ಕಲಮು ಒಂದು ಹೆಜ್ಜೆ ಮುಂದಿಟ್ಟು, ದಂಡ ವಿಧಿಸದ ಪ್ರಕರಣದಲ್ಲೂ ಅಪರಾಧಿಯಿಂದ ಪರಿಹಾರ ಕೊಡಿಸಬಹುದು ಎಂದಿತು. ಆದರೆ ನ್ಯಾಯಾಲಯಗಳು ಆ ಅಧಿಕಾರವನ್ನು ಬಳಸಿದ್ದು ಅಪರೂಪ.

ದೇಸಾಯಿಗಂಜ್ ಠಾಣೆಯ ರಾತ್ರಿ

1972ರ ಮಾರ್ಚ್ 26. ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಗೆ ಒಬ್ಬ ಆದಿವಾಸಿ ಬಾಲಕಿಯನ್ನು ಕರೆಸಿದರು. ಅವಳ ಅಣ್ಣ ಕೊಟ್ಟಿದ್ದ ದೂರಿನ ವಿಚಾರಣೆ ಅದು. ಹೇಳಿಕೆ ಬರೆದುಕೊಂಡ ಮೇಲೆ ಜೊತೆಗೆ ಬಂದವರನ್ನು ಹೊರಗೆ ಕಳಿಸಿ ಅವಳನ್ನು ಒಳಗೇ ಉಳಿಸಿಕೊಂಡರು. ಇಬ್ಬರು ಪೊಲೀಸರು ತನ್ನ ಮೇಲೆ ದೌರ್ಜನ್ಯ ಎಸಗಿದರೆಂದು ಅವಳು ಹೇಳಿದಳು. 1974ರಲ್ಲಿ ಸೆಷನ್ಸ್ ನ್ಯಾಯಾಲಯ ಅವಳ ನಡತೆಯನ್ನೇ ಎತ್ತಾಡಿ ಆರೋಪಿಗಳನ್ನು ಬಿಡುಗಡೆ ಮಾಡಿತು. ಬಾಂಬೆ ಹೈಕೋರ್ಟಿನ ನಾಗ್ಪುರ ಪೀಠ ಅದನ್ನು ತಿರುಗಿಸಿತು. ಅಧಿಕಾರದ ಎದುರು ಹೆದರಿ ಸುಮ್ಮನಾಗುವುದು ಒಪ್ಪಿಗೆಯಲ್ಲ ಎಂದಿತು. 1978ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಇಬ್ಬರನ್ನೂ ಬಿಟ್ಟಿತು. ಅವಳ ಮೈಮೇಲೆ ಗಾಯವಿರಲಿಲ್ಲ, ಅವಳು ಕೂಗಿಕೊಳ್ಳಲಿಲ್ಲ ಎಂಬುವು ಆ ತೀರ್ಪಿಗೆ ಆಧಾರವಾದವು.

1979ರ ಸೆಪ್ಟೆಂಬರಿನಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಾಗಂವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ದೇಶದ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಸುಪ್ರೀಂ ಕೋರ್ಟಿನ ತೀರ್ಪನ್ನು ಇಷ್ಟು ನೇರವಾಗಿ ಪ್ರಶ್ನಿಸುವುದು ಆಗಿನ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ. ಪತ್ರ ಊರೂರು ಸುತ್ತಿತು, ಮಹಿಳಾ ಸಂಘಟನೆಗಳು ಬೀದಿಗಿಳಿದವು. 1983ರಲ್ಲಿ ಸಂಸತ್ತು ಅಪರಾಧ ಕಾನೂನಿಗೆ ತಿದ್ದುಪಡಿ ತಂದಿತು. ಪೊಲೀಸರ ಅಥವಾ ಸರ್ಕಾರಿ ನೌಕರರ ವಶದಲ್ಲಿ ಇಂಥ ಕೃತ್ಯ ನಡೆದಾಗ ತಾನು ಒಪ್ಪಿರಲಿಲ್ಲ ಎಂದು ಮಹಿಳೆ ಹೇಳಿದರೆ ನ್ಯಾಯಾಲಯ ಅದನ್ನು ನಂಬಿಯೇ ಮುಂದುವರಿಯಬೇಕು. ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಬೇಕು. ಅವಳ ಗುರುತನ್ನು ಅಚ್ಚು ಹಾಕಿದರೆ ಅದೇ ಅಪರಾಧ. ಆ ಪ್ರಕರಣ ಇಂದಿಗೂ ಅವಳ ಹೆಸರಿನಿಂದಲೇ ಕಾನೂನು ಪುಸ್ತಕಗಳಲ್ಲಿ ಪ್ರಸಿದ್ಧ. ಅವಳಿಂದಾಗಿಯೇ ಬಂದ ಕಾನೂನಿಗೆ ಮರ್ಯಾದೆ ಕೊಟ್ಟು ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ.

ಈ ತಿದ್ದುಪಡಿಗಳು ಅವಳಿಗೆ ಏನನ್ನೂ ಕೊಡಲಿಲ್ಲ ಎಂಬುದನ್ನೂ ಹೇಳಲೇಬೇಕು. ಮುಂದೆ ಬರುವವರಿಗಾಗಿ ಕಾನೂನು ಬದಲಾಯಿತು, ಅವಳ ಪ್ರಕರಣ ಖುಲಾಸೆಯಲ್ಲೇ ಮುಗಿಯಿತು. ನೊಂದವರ ಹಕ್ಕುಗಳ ಇತಿಹಾಸದುದ್ದಕ್ಕೂ ಹೀಗೆಯೇ ಆಗಿದೆ.

ನ್ಯಾಯಪೀಠದಿಂದ ಬಂದ ಮಾತು

ಅದೇ ವರ್ಷಗಳಲ್ಲಿ ಕೆಲವು ನ್ಯಾಯಮೂರ್ತಿಗಳು ಈ ಕೊರತೆಯನ್ನು ಬಾಯಿಬಿಟ್ಟು ಹೇಳತೊಡಗಿದರು. 1979ರಲ್ಲಿ ಲಾರಿ ಹರಿದು ಜೀವಹೋದ ಪ್ರಕರಣವೊಂದರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ಅಪರಾಧಕ್ಕೆ ಬಲಿಯಾದವರೂ ಅವರನ್ನು ನಂಬಿದ ಮನೆಯವರೂ ಕಾನೂನಿನ ಕಣ್ಣಿಗೇ ಬೀಳದಿರುವುದು ನಮ್ಮ ನ್ಯಾಯಶಾಸ್ತ್ರದ ದೌರ್ಬಲ್ಯ ಎಂಬ ಅರ್ಥದಲ್ಲಿ ಬರೆದರು. 1983ರಲ್ಲಿ ಬಿಹಾರದ ಕೈದಿಯೊಬ್ಬರ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. 1968ರಲ್ಲೇ ಖುಲಾಸೆಯಾಗಿದ್ದವರನ್ನು 1982ರವರೆಗೆ, ಹದಿನಾಲ್ಕು ವರ್ಷ, ಜೈಲಿನಲ್ಲೇ ಇಟ್ಟಿದ್ದರು. ಅವರಿಗೆ ಒಟ್ಟು 35,000 ರೂಪಾಯಿ ಕೊಡುವಂತೆ ನ್ಯಾಯಾಲಯ ಸರ್ಕಾರಕ್ಕೆ ಆದೇಶಿಸಿತು. ಹಣ ಸಣ್ಣದು, ತತ್ವ ದೊಡ್ಡದು. ಸರ್ಕಾರದ ಕೈಯಲ್ಲೇ ನೊಂದವರಿಗೆ ಸರ್ಕಾರವೇ ಪರಿಹಾರ ಕೊಡಬೇಕು, ಅದಕ್ಕೆ ಬೇರೆ ಸಿವಿಲ್ ದಾವೆ ಹೂಡಿ ಅಲೆಯಬೇಕಿಲ್ಲ ಎಂಬುದು ಅಂದು ಇತ್ಯರ್ಥವಾಯಿತು.

1985ರ ನವೆಂಬರ್ 29ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅಪರಾಧ ಮತ್ತು ಅಧಿಕಾರ ದುರ್ಬಳಕೆಯಿಂದ ನೊಂದವರ ನ್ಯಾಯಕ್ಕಾಗಿ ಮೂಲ ತತ್ವಗಳ ಘೋಷಣೆಯನ್ನು ಅಂಗೀಕರಿಸಿತು. ನೊಂದವರನ್ನು ಗೌರವದಿಂದ ನಡೆಸಿಕೊಳ್ಳುವುದು, ಪ್ರಕರಣ ಎಲ್ಲಿಗೆ ಬಂತೆಂದು ತಿಳಿಸುವುದು, ಅಪರಾಧಿಯಿಂದ ನಷ್ಟ ತುಂಬಿಸುವುದು, ಅದು ಸಾಲದಾದರೆ ಸರ್ಕಾರ ಪರಿಹಾರ ಕೊಡುವುದು, ಚಿಕಿತ್ಸೆ ಮತ್ತು ಸಾಂತ್ವನದ ಸೇವೆ ಒದಗಿಸುವುದು ಅದರಲ್ಲಿದ್ದವು. ನ್ಯೂಜಿಲೆಂಡ್ 1963ರಲ್ಲೇ, ಬ್ರಿಟನ್ 1964ರಲ್ಲೇ ಸರ್ಕಾರಿ ಪರಿಹಾರ ಯೋಜನೆ ಮಾಡಿಕೊಂಡಿದ್ದವು. ಭಾರತ ಘೋಷಣೆಯನ್ನು ಒಪ್ಪಿತು, ಕಾನೂನು ಮಾತ್ರ ಮಾಡಲಿಲ್ಲ.

ಆ ನಡುವೆ 1988ರ ಆಗಸ್ಟಿನಲ್ಲಿ ಕನ್ನಡಿಗರೊಬ್ಬರ ಲೇಖನಿಯಿಂದ ಒಂದು ಮಹತ್ವದ ತೀರ್ಪು ಬಂತು. ಹರಿಯಾಣದ ಹೊಡೆದಾಟವೊಂದರಲ್ಲಿ ತಲೆಗೆ ಪೆಟ್ಟು ಬಿದ್ದು ಒಬ್ಬರು ಮಾತನ್ನೇ ಕಳೆದುಕೊಂಡಿದ್ದರು. ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರು ಪರಿಹಾರವನ್ನು 50,000 ರೂಪಾಯಿಗೆ ಏರಿಸಿದರು. ಅಷ್ಟಕ್ಕೇ ನಿಲ್ಲದೆ, 357ನೇ ಕಲಮು ಶಿಕ್ಷೆಯ ಬಾಲಂಗೋಚಿಯಲ್ಲ, ನೊಂದವರನ್ನು ನ್ಯಾಯ ವ್ಯವಸ್ಥೆ ಮರೆತಿಲ್ಲ ಎಂದು ಭರವಸೆ ಕೊಡುವುದಕ್ಕಾಗಿಯೇ ಅದು ಇರುವುದು, ಎಲ್ಲ ನ್ಯಾಯಾಲಯಗಳೂ ಅದನ್ನು ಉದಾರವಾಗಿ ಬಳಸಬೇಕು ಎಂದು ಕಿವಿಮಾತು ಹೇಳಿದರು. ಈ ಕಿವಿಮಾತನ್ನು ಕೆಳ ನ್ಯಾಯಾಲಯಗಳು ಎಷ್ಟು ಕಡೆಗಣಿಸಿದವೆಂದರೆ, ಪರಿಹಾರದ ವಿಷಯವನ್ನು ಪ್ರತಿ ಪ್ರಕರಣದಲ್ಲೂ ಪರಿಗಣಿಸಲೇಬೇಕು, ಕೊಡದಿದ್ದರೆ ಯಾಕೆಂದು ಕಾರಣ ಬರೆಯಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಕಡ್ಡಾಯ ಮಾಡಬೇಕಾಯಿತು.

ಠಾಣೆಯಲ್ಲಿ ಒಬ್ಬ ವಕೀಲ

1993ರ ಫೆಬ್ರುವರಿಯಲ್ಲಿ ರಾಂಚಿಯಿಂದ ದೆಹಲಿಗೆ ಹೊರಟಿದ್ದ ಮುರಿ ಎಕ್ಸ್‌ಪ್ರೆಸ್ ರೈಲಿನಲ್ಲಿ ಮನೆಗೆಲಸದ ಮಹಿಳೆಯರ ಮೇಲೆ ಸೈನಿಕರ ಗುಂಪೊಂದು ಲೈಂಗಿಕ ದೌರ್ಜನ್ಯ ಎಸಗಿತು. ದೆಹಲಿಯ ಮನೆಗೆಲಸದ ಮಹಿಳೆಯರ ವೇದಿಕೆ ಅವರ ಪರವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. 1994ರ ಅಕ್ಟೋಬರಿನಲ್ಲಿ ಬಂದ ತೀರ್ಪು ಶಿಕ್ಷೆಯ ಮಾತಿಗಿಂತ ಸೇವೆಯ ಮಾತನ್ನು ಹೆಚ್ಚು ಆಡಿತು. ದೂರು ಕೊಡಲು ಬಂದವಳ ಪಕ್ಕದಲ್ಲಿ ಠಾಣೆಯಿಂದಲೇ ಒಬ್ಬ ವಕೀಲರಿರಬೇಕು. ಆ ವಕೀಲರು ಕಾನೂನಿನ ದಾರಿ ತೋರಿಸುವುದರ ಜೊತೆಗೆ ವೈದ್ಯಕೀಯ ನೆರವು, ಮನಸ್ಸಿನ ಆರೈಕೆ ಎಲ್ಲಿ ಸಿಗುತ್ತದೆ ಎಂದೂ ಹೇಳಬೇಕು. ಪ್ರಶ್ನೆ ಕೇಳುವ ಮೊದಲೇ ಪೊಲೀಸರು ಅವಳಿಗೆ ಈ ಹಕ್ಕು ತಿಳಿಸಬೇಕು, ವಕೀಲರ ಪಟ್ಟಿ ಠಾಣೆಯಲ್ಲಿರಬೇಕು. ಆರೋಪಿಗೆ ಶಿಕ್ಷೆಯಾಗಲಿ ಬಿಡಲಿ, ಪರಿಹಾರ ಕೊಡಲು ಒಂದು ಮಂಡಳಿ ಇರಬೇಕು.

ಆ ಮಹಿಳೆಯರು ಬಡವರು, ಊರು ಬಿಟ್ಟು ದುಡಿಯಲು ಹೊರಟವರು. ವಿಚಾರಣೆಗೆ ತಿಂಗಳುಗಟ್ಟಲೆ ಕಾಯಲು ಕೂಲಿ ಬಿಟ್ಟು ಬರಲಾರದವರು. ನ್ಯಾಯ ಕೇಳುವುದಕ್ಕೂ ಊಟ, ಬಾಡಿಗೆ, ಬಸ್‌ಚಾರ್ಜು ಬೇಕು ಎಂಬುದನ್ನು ಈ ತೀರ್ಪು ಗುರುತಿಸಿತು. ಆದರೆ ಅದು ಹೇಳಿದ ಪರಿಹಾರದ ವ್ಯವಸ್ಥೆ ಕಾನೂನಾಗಲು ಇನ್ನೂ ಹದಿನೈದು ವರ್ಷ ಬೇಕಾಯಿತು.

ಕಂಬಾಲಪಲ್ಲಿಯ ಪಾಠ, ಮಳಿಮಠರ ವರದಿ

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಜೀವಂತ ಸುಟ್ಟರು. ನಾಡು ನಡುಗಿತು. ಆದರೆ ವಿಚಾರಣೆಯಲ್ಲಿ ಸಾಕ್ಷಿಗಳು ಒಬ್ಬರ ಹಿಂದೊಬ್ಬರು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಾಕ್ಷಿ ಹೇಳಬೇಕಾದವರು ಅದೇ ಊರಿನ ಕೇರಿಯಲ್ಲಿ, ಅದೇ ಜಮೀನುದಾರರ ಹೊಲದ ಅಂಚಿನಲ್ಲಿ ಬದುಕಬೇಕಾದವರು. ಅವರಿಗೆ ರಕ್ಷಣೆಯಿಲ್ಲದೆ ಕಾನೂನಿನ ಯಾವ ಕಲಮೂ ಕೆಲಸಕ್ಕೆ ಬಾರದು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 15ಎ ಎಂಬ ಹೊಸ ಕಲಮು ಸೇರಿ 2016ರ ಜನವರಿ 26ರಂದು ಜಾರಿಗೆ ಬಂತು. ನೊಂದವರಿಗೂ ಸಾಕ್ಷಿಗಳಿಗೂ ರಕ್ಷಣೆ, ಪ್ರಯಾಣ ಮತ್ತು ಜೀವನೋಪಾಯದ ವೆಚ್ಚ, ಆರೋಪಿಗೆ ಜಾಮೀನು ಕೊಡುವ ಮೊದಲು ನೊಂದವರ ಮಾತು ಕೇಳುವುದು ಇವೆಲ್ಲವೂ ಅಲ್ಲಿ ಹಕ್ಕುಗಳಾದವು. ದೇಶಕ್ಕೆಲ್ಲ ಅನ್ವಯಿಸುವ ಸಾಕ್ಷಿ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ ಒಪ್ಪಿಗೆ ಕೊಟ್ಟದ್ದು 2018ರ ಡಿಸೆಂಬರಿನಲ್ಲಿ.

ಕಂಬಾಲಪಲ್ಲಿಯ ಘಟನೆ ನಡೆದ ವರ್ಷವೇ, ನವೆಂಬರಿನಲ್ಲಿ, ಕೇಂದ್ರ ಸರ್ಕಾರ ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣೆಗೆ ಸಮಿತಿ ರಚಿಸಿತು. ಕರ್ನಾಟಕ ಮತ್ತು ಕೇರಳ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅದರ ಅಧ್ಯಕ್ಷರು. 2003ರಲ್ಲಿ ಬಂದ ಅವರ ವರದಿ ಬಿರುಸಿನ ವಾದವನ್ನೇ ಎಬ್ಬಿಸಿತು. ಆರೋಪ ಸಾಬೀತಿಗೆ ಬೇಕಾದ ಪುರಾವೆಯ ಮಟ್ಟವನ್ನು ಇಳಿಸುವ ಸಲಹೆಯನ್ನು ಮಾನವ ಹಕ್ಕುಗಳ ಸಂಘಟನೆಗಳು ಕಟುವಾಗಿ ವಿರೋಧಿಸಿದವು, ಆ ವಿರೋಧ ನ್ಯಾಯವಾದದ್ದೇ ಆಗಿತ್ತು. ಆದರೆ ಅದೇ ವರದಿಯಲ್ಲಿ ನೊಂದವರ ಕುರಿತು ಬರೆದ ಪುಟಗಳು ಬೇರೆಯೇ ತೂಕದವು. ಗಂಭೀರ ಅಪರಾಧಗಳಲ್ಲಿ ನೊಂದವರನ್ನು ಪ್ರಕರಣದ ಪಕ್ಷಕಾರರನ್ನಾಗಿ ಸೇರಿಸಬೇಕು, ಅವರಿಗೆ ಸ್ವಂತ ವಕೀಲರಿರಬೇಕು, ಜಾಮೀನಿನಲ್ಲೂ ಮೊಕದ್ದಮೆ ಹಿಂದಕ್ಕೆ ಪಡೆಯುವಾಗಲೂ ಅವರ ಮಾತು ಕೇಳಬೇಕು, ಖುಲಾಸೆಯ ವಿರುದ್ಧ ಅವರೇ ಮೇಲ್ಮನವಿ ಹೋಗುವಂತಿರಬೇಕು, ಪರಿಹಾರ ಕೊಡುವುದು ಸರ್ಕಾರದ ಬಾಧ್ಯತೆಯಾಗಬೇಕು ಎಂದು ಅದು ಹೇಳಿತು.

ಸಂಸತ್ತು ಇದರಲ್ಲಿ ಅರ್ಧವನ್ನಷ್ಟೇ ಒಪ್ಪಿಕೊಂಡಿತು. ಆ ಅರ್ಧವೂ ದೊಡ್ಡದೇ. 2009ರ ಡಿಸೆಂಬರ್ 31ರಂದು ಜಾರಿಗೆ ಬಂದ ತಿದ್ದುಪಡಿಯಲ್ಲಿ ನೊಂದವರು ಯಾರು ಎಂಬುದಕ್ಕೆ ಮೊದಲ ಬಾರಿಗೆ ಕಾನೂನಿನ ವ್ಯಾಖ್ಯೆ ಸಿಕ್ಕಿತು. ಸರ್ಕಾರಿ ಅಭಿಯೋಜಕರಿಗೆ ನೆರವಾಗಲು ಅವರು ತಮ್ಮ ವಕೀಲರನ್ನು ಇಟ್ಟುಕೊಳ್ಳಲು ಅವಕಾಶವಾಯಿತು. ಖುಲಾಸೆಯಾದರೆ, ಕಡಿಮೆ ಅಪರಾಧಕ್ಕಷ್ಟೇ ಶಿಕ್ಷೆಯಾದರೆ, ಪರಿಹಾರ ಸಾಲದಾದರೆ ಅವರೇ ಮೇಲ್ಮನವಿ ಹೋಗಬಹುದಾಯಿತು. 357ಎ ಎಂಬ ಹೊಸ ಕಲಮಿನಡಿ ಪ್ರತಿ ರಾಜ್ಯವೂ ಪರಿಹಾರ ಯೋಜನೆ ಮಾಡಬೇಕಾಯಿತು. ಕರ್ನಾಟಕದ ಯೋಜನೆ 2011ರ ಹೆಸರಿನಲ್ಲಿ ಬಂತು.

ಈ 357ಎ ಕಲಮಿನ ಒಳಗೆ ಎರಡು ಮಾತುಗಳು ಚಿನ್ನದಂಥವು. ಆರೋಪಿ ಖುಲಾಸೆಯಾದರೂ ನೊಂದವರಿಗೆ ಪುನರ್ವಸತಿ ಬೇಕಿದ್ದರೆ ನ್ಯಾಯಾಲಯ ಪರಿಹಾರಕ್ಕೆ ಶಿಫಾರಸು ಮಾಡಬಹುದು. ಅಪರಾಧಿ ಪತ್ತೆಯೇ ಆಗದಿದ್ದರೂ ನೊಂದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನೇರವಾಗಿ ಅರ್ಜಿ ಹಾಕಬಹುದು, ಪ್ರಾಧಿಕಾರ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು. ಕಳ್ಳ ಸಿಗದಿದ್ದರೆ ಬೊಕ್ಕಸದಿಂದ ಕೊಡಬೇಕೆಂಬ ಹಳೆಯ ಮಾತು ಜಾತಿಯ ತಕ್ಕಡಿಯನ್ನು ಬಿಟ್ಟು ಎಲ್ಲರಿಗೂ ಸಮನಾದ ಹಕ್ಕಾಗಿ ಮರಳಿ ಬಂತು.

ಆಸಿಡ್, ಆಸ್ಪತ್ರೆ, ಆರೈಕೆ

1999ರಲ್ಲಿ ಬೆಂಗಳೂರಿನಲ್ಲಿ ಯುವತಿಯೊಬ್ಬರ ಮೇಲೆ ಹಿಂದಿನ ಮಾಲೀಕನೇ ಆಸಿಡ್ ಸುರಿದ. ಕಣ್ಣು ಹೋಯಿತು, ಶಸ್ತ್ರಚಿಕಿತ್ಸೆಗಳ ಮೇಲೆ ಶಸ್ತ್ರಚಿಕಿತ್ಸೆಗಳಾದವು. 2006ರಲ್ಲಿ ಕರ್ನಾಟಕ ಹೈಕೋರ್ಟ್ ಅಪರಾಧಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆಸಿಡ್ ದಾಳಿಗೆ ಪ್ರತ್ಯೇಕ ಕಲಮೇ ಇಲ್ಲದ ಕಾಲ ಅದು. ಬೆಂಗಳೂರಿನ ಮಹಿಳಾ ಕಾರ್ಯಕರ್ತೆಯರು ದಾಳಿಗೊಳಗಾದವರೊಡನೆ ಸೇರಿ ಕಟ್ಟಿದ ಚಳವಳಿ ಒಂದೇ ವಿಷಯವನ್ನು ಮತ್ತೆ ಮತ್ತೆ ಹೇಳಿತು: ಜೈಲುಶಿಕ್ಷೆ ಅಪರಾಧಿಯ ಲೆಕ್ಕ, ಚಿಕಿತ್ಸೆಯ ಖರ್ಚು ನಮ್ಮ ಮನೆಯ ಲೆಕ್ಕವಾಗಿಯೇ ಉಳಿದಿದೆ.

ದೆಹಲಿಯಲ್ಲಿ ಬಾಲಕಿಯಾಗಿದ್ದಾಗಲೇ ದಾಳಿಗೆ ಒಳಗಾದ ಲಕ್ಷ್ಮಿ ಅಗರ್ವಾಲ್ 2006ರಲ್ಲಿ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಅದರ ಮೇಲಿನ 2013ರ ಜುಲೈ 18ರ ಆದೇಶ ಆಸಿಡ್ ಮಾರಾಟಕ್ಕೆ ಕಡಿವಾಣ ಹಾಕಿ, ಕನಿಷ್ಠ 3 ಲಕ್ಷ ರೂಪಾಯಿ ಪರಿಹಾರ ಕೊಡಬೇಕು, ಅದರಲ್ಲಿ 1 ಲಕ್ಷವನ್ನು 15 ದಿನದೊಳಗೆ ಕೊಡಬೇಕು ಎಂದಿತು. 2015ರ ಏಪ್ರಿಲಿನಲ್ಲಿ ಖಾಸಗಿ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ನೀಡಬೇಕೆಂಬ ಸ್ಪಷ್ಟ ಆದೇಶ ಬಂತು.

ಈ ನಡುವೆ 2012ರ ಡಿಸೆಂಬರಿನ ದೆಹಲಿ ಸಾಮೂಹಿಕ ಅತ್ಯಾಚಾರದ ಘಟನೆ ದೇಶವನ್ನು ಬೀದಿಗೆ ತಂದಿತ್ತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 29 ದಿನಗಳಲ್ಲಿ ವರದಿ ಕೊಟ್ಟಿತು. 2013ರ ತಿದ್ದುಪಡಿಯಲ್ಲಿ ಆಸಿಡ್ ದಾಳಿ ಪ್ರತ್ಯೇಕ ಅಪರಾಧವಾಯಿತು. ಲೈಂಗಿಕ ದೌರ್ಜನ್ಯದ ದೂರು ದಾಖಲಿಸದ ಪೊಲೀಸರಿಗೂ ಚಿಕಿತ್ಸೆ ನಿರಾಕರಿಸಿದ ಆಸ್ಪತ್ರೆಗೂ ಶಿಕ್ಷೆ ಬಂತು. ಅದೇ ವರ್ಷದ ನವೆಂಬರಿನಲ್ಲಿ, ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಕೈಗೊಂದು ಹಿಂಬರಹ ಕೊಟ್ಟು ಮನೆಗೆ ಕಳಿಸುವ ಠಾಣೆಗಳ ರೂಢಿಗೆ ಕಾನೂನಿನಲ್ಲಿ ಜಾಗವಿಲ್ಲದಾಯಿತು.

ಸೇವೆಗಳ ಕಥೆ ಇದಕ್ಕೆ ಸಮಾನಾಂತರವಾಗಿ ಸಾಗಿತು. ಕರ್ನಾಟಕದಲ್ಲಿ ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಯುವ ಸಾಂತ್ವನ ಕೇಂದ್ರಗಳು, ಆಸ್ಪತ್ರೆಗಳಲ್ಲಿ ‘ಗೆಳತಿ’ ವಿಶೇಷ ಚಿಕಿತ್ಸಾ ಘಟಕಗಳು ಬಂದವು. 2015ರಿಂದ ಕೇಂದ್ರದ ಸಖಿ ಕೇಂದ್ರಗಳು ಪೊಲೀಸ್ ನೆರವು, ವೈದ್ಯಕೀಯ ನೆರವು, ವಕೀಲರು, ಆಪ್ತಸಮಾಲೋಚನೆ, ತಂಗುವ ಜಾಗ ಎಲ್ಲವನ್ನೂ ಒಂದೇ ಸೂರಿನಡಿ ತರಲು ಹೊರಟವು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡಲು 2012ರ ನವೆಂಬರ್ 14ರಂದು ಪೋಕ್ಸೊ ಕಾಯ್ದೆ ಜಾರಿಯಾಯಿತು. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ ಪಡೆಯಬೇಕು, ಆರೋಪಿಯ ಮುಖ ಮಗುವಿಗೆ ಕಾಣಬಾರದು, ದೂರಿನ ದಿನದಿಂದ ತೀರ್ಪಿನ ದಿನದವರೆಗೆ ಒಬ್ಬ ಬೆಂಬಲ ವ್ಯಕ್ತಿ ಕುಟುಂಬದ ಜೊತೆಗಿರಬೇಕು. ಈ ಬೆಂಬಲ ವ್ಯಕ್ತಿ ಹೆಚ್ಚಿನ ಕಡೆ ಕಾಗದದ ಮೇಲಷ್ಟೇ ಇದ್ದುದರಿಂದ 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅದಕ್ಕಾಗಿಯೇ ನಿರ್ದೇಶನಗಳನ್ನು ಕೊಡಬೇಕಾಯಿತು.

ಬಾಗಲಕೋಟೆಯ ಪ್ರಶ್ನೆಗೆ ಉತ್ತರ

2018ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಬಾಗಲಕೋಟೆಯ ಮೇಲ್ಮನವಿಗೆ ಉತ್ತರ ಕೊಟ್ಟಿತು. ನ್ಯಾಯಮೂರ್ತಿ ಮದನ್ ಲೋಕೂರ್ ತಮ್ಮ ಪರವಾಗಿಯೂ ದಕ್ಷಿಣ ಕನ್ನಡದವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಪರವಾಗಿಯೂ ಬರೆದ ಬಹುಮತದ ತೀರ್ಪು ಎರಡು ಮಾತು ಹೇಳಿತು. ಮೇಲ್ಮನವಿಯ ಹಕ್ಕು ಹುಟ್ಟುವುದು ಖುಲಾಸೆಯ ಆದೇಶ ಬಂದ ದಿನ; ಅಪರಾಧ ನಡೆದ ದಿನವನ್ನು ನೋಡಬೇಕಿಲ್ಲ. ಆ ಮೇಲ್ಮನವಿಗೆ ನೊಂದವರು ಹೈಕೋರ್ಟಿನ ಮುಂಚಿತ ಅನುಮತಿ ಕೇಳಬೇಕಾಗಿಯೂ ಇಲ್ಲ. ಅನುಮತಿಯ ವಿಷಯದಲ್ಲಿ ನ್ಯಾಯಮೂರ್ತಿ ದೀಪಕ್ ಗುಪ್ತ ಭಿನ್ನ ಅಭಿಪ್ರಾಯ ಬರೆದರು. ನೊಂದವರ ಹಕ್ಕುಗಳ ಕಡೆಗೆ ಸಂಸತ್ತು, ನ್ಯಾಯಾಂಗ, ನಾಗರಿಕ ಸಮಾಜ ಮೂರೂ ಆಗೊಮ್ಮೆ ಈಗೊಮ್ಮೆ ಮಾತ್ರ ಗಮನ ಹರಿಸಿವೆ ಎಂಬ ವಿಷಾದವೂ ಬಹುಮತದ ತೀರ್ಪಿನಲ್ಲಿತ್ತು. ಮಳಿಮಠ ಸಮಿತಿಯ ವರದಿಯನ್ನೂ 1985ರ ವಿಶ್ವಸಂಸ್ಥೆಯ ಘೋಷಣೆಯನ್ನೂ ಅದು ಆಧಾರವಾಗಿ ಹಿಡಿದಿತ್ತು. ದೇಶದ ಯಾವುದೇ ಮೂಲೆಯಲ್ಲಿ ನೊಂದವರು ಖುಲಾಸೆಯ ವಿರುದ್ಧ ಮೇಲ್ಮನವಿ ಹೋಗುವಾಗ ಇಂದು ಅವರ ವಕೀಲರ ಕೈಯಲ್ಲಿರುವುದು ಈ ತೀರ್ಪು.

ಅದೇ ವರ್ಷ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ ರೂಪಿಸಿದ ಮಹಿಳೆಯರ ಪರಿಹಾರ ಯೋಜನೆ ಜಾರಿಗೆ ಬಂತು. ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಜೀವಹಾನಿಗೆ 5ರಿಂದ 10 ಲಕ್ಷ ಎಂಬ ಮಿತಿಗಳು ಬಂದವು. 2022ರ ಏಪ್ರಿಲಿನಲ್ಲಿ ರೈತರ ಮೇಲೆ ವಾಹನ ಹರಿಸಿದ ಲಖೀಂಪುರ ಖೇರಿ ಪ್ರಕರಣದ ಆರೋಪಿಯ ಜಾಮೀನನ್ನು ರದ್ದು ಮಾಡುತ್ತ ಸುಪ್ರೀಂ ಕೋರ್ಟ್, ತನಿಖೆಯಿಂದ ಮೇಲ್ಮನವಿಯವರೆಗೆ ಪ್ರತಿ ಹಂತದಲ್ಲೂ ನೊಂದವರ ಮಾತು ಕೇಳಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇವುಗಳಲ್ಲಿ ಹಲವನ್ನು ಬರಹಕ್ಕೆ ತಂದಿದೆ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಎಫ್‌ಐಆರ್ ಪ್ರತಿ ಉಚಿತ, ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ತಿಳಿಸಬೇಕು, ನೊಂದವರನ್ನು ಕೇಳದೆ ಮೊಕದ್ದಮೆ ಹಿಂದಕ್ಕೆ ಪಡೆಯುವಂತಿಲ್ಲ.

ಉಳಿದಿರುವ ಅರ್ಧ

ಆದರೂ ಮಳಿಮಠರು ಕೇಳಿದ ಪಕ್ಷಕಾರರ ಸ್ಥಾನ ಇನ್ನೂ ಸಿಕ್ಕಿಲ್ಲ. ನೊಂದವರ ವಕೀಲರು ಸರ್ಕಾರಿ ಅಭಿಯೋಜಕರ ಹಿಂದೆ ಕೂತು ನೆರವಾಗಬಹುದೇ ಹೊರತು ತಾವೇ ಎದ್ದು ಪಾಟೀಸವಾಲು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆರೋಪಿಗೆ ನ್ಯಾಯಯುತ ವಿಚಾರಣೆ ಸಿಗಬೇಕು, ಅದರಲ್ಲಿ ರಾಜಿಯಿಲ್ಲ. ಆರೋಪಿಯ ಹಕ್ಕು ಕಿತ್ತು ನೊಂದವರಿಗೆ ಕೊಡಬೇಕಾಗಿಯೂ ಇಲ್ಲ. ಜಾಮೀನಿನ ದಿನ ಎರಡು ಮಾತು ಹೇಳುವುದು, ಶಿಕ್ಷೆಯ ಪ್ರಮಾಣ ನಿಗದಿಯಾಗುವ ಮೊದಲು ತನಗಾದ ನಷ್ಟವನ್ನು ನ್ಯಾಯಾಧೀಶರ ಮುಂದಿಡುವುದು, ಪರಿಹಾರವನ್ನು ಹೊತ್ತಿಗೆ ಪಡೆಯುವುದು ಇವ್ಯಾವುವೂ ಆರೋಪಿಯಿಂದ ಏನನ್ನೂ ಕಸಿಯುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ತಿಳಿವಳಿಕೆಯದು. ಕಲಮುಗಳು ಇವೆ, ಅವುಗಳ ಸುದ್ದಿ ನೊಂದವರಿಗೆ ಮುಟ್ಟಿಲ್ಲ. ಮನೆಯಲ್ಲಿ ಕೊಲೆಯಾಗಿ ದುಡಿಯುವ ಕೈ ಹೋದ ಕುಟುಂಬ, ಆಸ್ಪತ್ರೆಯ ಬಿಲ್ಲಿಗೆ ಒಡವೆ ಅಡವಿಟ್ಟ ತಾಯಿ, ಊರಿನ ಹಿರಿಯರ ಮುಂದೆ ರಾಜಿಗೆ ಕೂತ ಅಪ್ಪ ಇವರಲ್ಲಿ ಎಷ್ಟು ಜನರಿಗೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ಗೊತ್ತು? ಉಚಿತ ಕಾನೂನು ನೆರವಿಗೆ 15100, ಮಹಿಳೆಯರಿಗೆ 181, ಮಕ್ಕಳಿಗೆ 1098, ತುರ್ತಿಗೆ 112 ಎಂಬ ಸಂಖ್ಯೆಗಳು ಗೊತ್ತು? ಎಫ್‌ಐಆರ್ ಪ್ರತಿಯ ಜೊತೆಯಲ್ಲೇ ಪರಿಹಾರದ ಅರ್ಜಿಯ ನಮೂನೆಯನ್ನೂ ಪ್ರಾಧಿಕಾರದ ವಿಳಾಸವನ್ನೂ ಕನ್ನಡದಲ್ಲಿ ಅಚ್ಚು ಹಾಕಿ ಕೈಗೆ ಕೊಡುವುದಕ್ಕೆ ಹೊಸ ಕಾನೂನು ಬೇಕಿಲ್ಲ, ಹೆಚ್ಚು ಹಣವೂ ಬೇಕಿಲ್ಲ. ಪೊಲೀಸ್ ಇಲಾಖೆಯ ಒಂದು ಸುತ್ತೋಲೆ ಸಾಕು.

ಈ ಇತಿಹಾಸದಲ್ಲಿ ಒಂದು ಹಕ್ಕೂ ತಾನಾಗಿ ಬಂದದ್ದಲ್ಲ. ಆದಿವಾಸಿ ಬಾಲಕಿ, ಮನೆಗೆಲಸದ ಹೆಂಗಸರು, ಮಾತು ಕಳೆದುಕೊಂಡ ಗಾಯಾಳು, ಆಸಿಡ್‌ನಿಂದ ಸುಟ್ಟ ಯುವತಿಯರು, ಬಾಗಲಕೋಟೆಯ ಒಂದು ಕುಟುಂಬ ಹೀಗೆ ಒಬ್ಬೊಬ್ಬರು ತಮ್ಮ ನೋವನ್ನು ನ್ಯಾಯಾಲಯದವರೆಗೆ ಹೊತ್ತದ್ದರಿಂದ ಒಂದೊಂದು ಕಲಮು ಹುಟ್ಟಿತು. ಹೆಚ್ಚಿನವರಿಗೆ ಅದರ ಫಲ ಸಿಗಲಿಲ್ಲ. ಅವರು ಗಳಿಸಿಕೊಟ್ಟದ್ದನ್ನು ಇಂದು ನೊಂದವರಿಗೆ ಮುಟ್ಟಿಸುವುದು ಸರ್ಕಾರ ಮತ್ತು ನ್ಯಾಯಾಲಯಗಳ ಕರ್ತವ್ಯ. ಪಕ್ಕದ ಮನೆಯಲ್ಲಿ ಇಂಥದ್ದೊಂದು ನಡೆದಾಗ, ‘ನಿಮಗೆ ಇದೊಂದು ಹಕ್ಕಿದೆ, ಬನ್ನಿ, ನಾನೂ ಬರುತ್ತೇನೆ’ ಎಂದು ಹೇಳಿ ಜೊತೆಗೆ ಹೋಗುವುದು ನಮ್ಮ ಕರ್ತವ್ಯ.